ಎರಡೂವರೆ ಮಿಲಿಮೀಟರಿನ ಆತಂಕ

ಬೆಳಗಿನ ಐದೂಕಾಲು. ಪಿಂಗಾಣಿ ಕಾರ್ಖಾನೆಗಳ ಊರಾದ ಟನ್‌ಸ್ಟಾಲ್‌ನ ಇಟ್ಟಿಗೆ ಸಾಲುಮನೆಗಳ ಹಿಂದಿನ ಓಣಿಯಲ್ಲಿ ಒಂದೇ ಒಂದು ಗ್ಯಾರೇಜಿನ ಬಾಗಿಲ ಸಂದಿಯಲ್ಲಿ ಬೆಳಕಿದೆ. ಒಳಗೆ ಗೇನರ್ ಶೆರಟ್ ಮಂಡಿಯೂರಿ ಕೂತು, ಕಡುಗೆಂಪು ಸ್ಪೋರ್ಟ್ಸ್ ಕಾರೊಂದರ ಮೈಮೇಲೆ ಚೆಂಡು ಉರುಳಿಸುತ್ತಿದ್ದಾರೆ. ಆಟಕ್ಕಲ್ಲ. ಚೆಂಡಿಗೆ ನೀಲಿ ಸೀಮೆಸುಣ್ಣದ ಪುಡಿ ಮೆತ್ತಿದೆ. ಅದು ತಾಗಿದಲ್ಲೆಲ್ಲ ಕೆಂಪಿನ ಮೇಲೆ ನೀಲಿ ಕಲೆ. ಕಲೆ ಬಿದ್ದ ಒಂದೊಂದು ಕಡೆಯನ್ನೂ ಆಕೆ ಕಣ್ಣು ಮುಚ್ಚಿ ಬೆರಳಿನಿಂದ ಸವರುತ್ತಾರೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಅಂಗೈಯಗಲ ಮುಂದಕ್ಕೆ ಸರಿಯುತ್ತಾರೆ. ಬಾಗಿಲ ಹಿಡಿ. ಕನ್ನಡಿಯ ಕಾಲು. ದೀಪದ ಸುತ್ತಿನ ಬಳೆ. ಸವರುವುದು ಎಡಗೈಯಲ್ಲಿ. ಗೇನರ್ ಬಲಗೈಯವರು.

ಚಹಾದ ಮಗ್ ಹಿಡಿದು ಮಗಳು ಬೆತ್ ಬಾಗಿಲಲ್ಲಿ ನಿಂತಿದ್ದಾಳೆ. "ಅಮ್ಮ, ನಿನ್ನೆ ನೋಡಿದ ಕಾರೇ ಇದು. ರಾತ್ರಿ ಬೆಳಗಾಗೋದ್ರೊಳಗೆ ಅದಕ್ಕೇನು ಮುಳ್ಳು ಬೆಳೆಯುತ್ತಾ?"

"ಬೆಳೆದ್ರೆ? ನೀನು ಜವಾಬ್ದಾರೀನಾ ಡಕ್?"

ಆ ಊರಲ್ಲಿ ಮಗಳೂ ಡಕ್, ಮಾಂಸದಂಗಡಿಯವನೂ ಡಕ್, ದಂಡ ಹಾಕಲು ಬಂದ ಪೊಲೀಸನೂ ಡಕ್. ಪ್ರೀತಿ ಎಷ್ಟು, ಸಿಟ್ಟು ಎಷ್ಟು ಅನ್ನುವುದನ್ನು ದನಿಯಲ್ಲಿ ಅಳೆದುಕೊಳ್ಳಬೇಕು. ಬೆತ್ ಅಳೆದುಕೊಂಡು, ಮಗ್ಗನ್ನು ಬೆಂಚಿನ ಮೇಲಿಟ್ಟು ಒಳಗೆ ಹೋಗುತ್ತಾಳೆ.

ಬೆಳಿಗ್ಗೆ ಹತ್ತು ಗಂಟೆಗೆ ಕಾರಿನ ಪರೀಕ್ಷೆ ಇದೆ. ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯಬೇಕಾದರೆ ಸರ್ಕಾರಿ ಪರೀಕ್ಷಕನೊಬ್ಬ ಅದನ್ನು ಅರ್ಧ ದಿನ ತಿರುವಿ ಮುರುವಿ ನೋಡಿ ಕಾಗದ ಬರೆದುಕೊಡಬೇಕು. ಬ್ರೇಕು, ದೀಪ, ಸದ್ದು, ಹೊಗೆ ಎಲ್ಲಕ್ಕೂ ಲೆಕ್ಕವಿದೆ. ಆದರೆ ಗ್ಯಾರೇಜುಗಳಲ್ಲಿ ಕಾರು ಕಟ್ಟುವ ಮಂದಿಯ ನಿದ್ದೆ ಕೆಡಿಸುವುದು ಅವು ಯಾವುವೂ ಅಲ್ಲ, ಅಂಚು. ಹತ್ತು ಸೆಂಟಿಮೀಟರ್ ಅಡ್ಡಳತೆಯ ಚೆಂಡು ಮುಟ್ಟಬಲ್ಲ ಎಲ್ಲ ಅಂಚುಗಳೂ ಕನಿಷ್ಠ ಎರಡೂವರೆ ಮಿಲಿಮೀಟರ್ ತ್ರಿಜ್ಯಕ್ಕೆ ಉರುಟಾಗಿರಬೇಕು. ದಾರಿಹೋಕನಿಗೆ ಕಾರು ಗುದ್ದಿದರೂ ಕುಯ್ಯಬಾರದು ಎಂಬ ಸದುದ್ದೇಶ. ನೂರಾರು ಬೋಲ್ಟುಗಳಲ್ಲಿ ಒಂದಕ್ಕೆ ಪ್ಲಾಸ್ಟಿಕ್ ಟೋಪಿ ಹಾಕಲು ಮರೆತಿರೋ, ಫೇಲು.

ಕಾರು ಈ ಮನೆಗೆ ಬಂದದ್ದು ನಾಲ್ಕು ವರ್ಷದ ಹಿಂದೆ, ಹನ್ನೊಂದು ಮರದ ಪೆಟ್ಟಿಗೆಗಳಲ್ಲಿ. ಅರವತ್ತರ ದಶಕದ ರೇಸ್ ಕಾರೊಂದರ ನಕಲು ಅದು. ಅಸಲಿಯನ್ನು ಕೊಳ್ಳಬೇಕಾದರೆ ಬೀದಿಯ ಅಷ್ಟೂ ಮನೆಗಳನ್ನು ಮಾರಿ ಚರ್ಚಿನ ಮುಂದೆ ಕೈಯೊಡ್ಡಬೇಕು. ನಕಲಿಗಾದರೆ ಫೈಬರಿನ ಮೈ, ಉಕ್ಕಿನ ಚೌಕಟ್ಟು, ಗುಜರಿಗೆ ಹೊರಟಿದ್ದ ಮುದಿ ಕಾರಿನ ಎಂಜಿನ್, ಮತ್ತು ಬರೆದವನಿಗೂ ಅರ್ಥವಾಗಿರಲಾರದ ಒಂದು ಕೈಪಿಡಿ ಸಾಕು. ಗೇನರ್ ಅವರ ಗಂಡ ನೆವಿಲ್, ಎಲ್ಲರ ಬಾಯಲ್ಲಿ ನೆವ್, ಶಾಲೆಯೊಂದರಲ್ಲಿ ಬಾಯ್ಲರು, ಬೀಗ, ಹುಲ್ಲು ನೋಡಿಕೊಳ್ಳುವ ಕೆಲಸದವರು. ಹದಿನಾಲ್ಕನೇ ವಯಸ್ಸಿನಿಂದ ಈ ಕಾರಿನ ಆಸೆಯಿತ್ತು ಎನ್ನುತ್ತಾರೆ. ಆಸೆ ಇದ್ದದ್ದು ನಿಜ, ಆದರೆ ಪೆಟ್ಟಿಗೆ ತರಿಸುವ ಧೈರ್ಯ ಬಂದದ್ದು ಬೆತ್ ಗಂಡನ ಮನೆ ಬಿಟ್ಟು ಎರಡು ಸೂಟ್‌ಕೇಸು, ಒಂದು ಮೀನಿನ ತೊಟ್ಟಿ ಹಿಡಿದು ಬಂದ ವಾರ ಎಂದು ಗೇನರ್ ತಿದ್ದುತ್ತಾರೆ.

"ಮೂರು ಜನಾನೂ ಊಟಕ್ಕೆ ಕೂತ್ರೆ ಚಮಚದ ಸದ್ದು ಬಿಟ್ರೆ ಏನೂ ಇರ್ತಿರ್ಲಿಲ್ಲ. ಅವಳನ್ನ ಏನಂತ ಕೇಳೋದು? ಪೆಟ್ಟಿಗೆ ಬಂತು. 'ಆ ಸ್ಪ್ಯಾನರ್ ಕೊಡು' ಅಂದ. ಕೊಟ್ಳು. ಅಲ್ಲಿಂದ ಶುರುವಾಯ್ತು ನೋಡಿ ಮಾತು."

ಮಾತು ಶುರುವಾದದ್ದು ಹೌದು, ಆದರೆ ಗ್ಯಾರೇಜಿನ ಹೊಸ್ತಿಲು ದಾಟಲಿಲ್ಲ. ನಾಲ್ಕು ವರ್ಷದಿಂದ ಈ ಕುಟುಂಬ ಬೋಲ್ಟು, ಬುಷ್ಷು, ಬ್ರೇಕ್ ಪೈಪುಗಳ ಬಗ್ಗೆ ಎಡೆಬಿಡದೆ ಮಾತಾಡುತ್ತಿದೆ. ಮಿಕ್ಕಿದ್ದನ್ನು ಅವರವರೇ ಇಟ್ಟುಕೊಂಡಿದ್ದಾರೆ. ಗೋಡೆಯ ಮೇಲೆ ನೆವ್ ಬಣ್ಣದ ಬ್ರಷ್ಷಿನಲ್ಲಿ ಬರೆದ ಪಟ್ಟಿ ಇದೆ. ಬ್ರೇಕು, ಸ್ಟಿಯರಿಂಗು, ಎಂಜಿನ್: ನೆವ್. ವೈರಿಂಗು, ಫೋಟೊ: ಬೆತ್. ಕಾರನ್ನು ಮನೆಯವರೇ ಕಟ್ಟಿದ್ದೆಂದು ತೋರಿಸಲು ಹೆಜ್ಜೆ ಹೆಜ್ಜೆಗೂ ಫೋಟೊ ಬೇಕು. ಕೊನೆಯ ಸಾಲಿನಲ್ಲಿ, ಅಂಚು: ಅಮ್ಮ.

ಆ ಕೆಲಸ ಬೇರೆ ಯಾರಿಗೂ ಕೊಡುವಂತಿರಲಿಲ್ಲ. ಗೇನರ್ ಮೂವತ್ತೊಂದು ವರ್ಷದಿಂದ ಪಿಂಗಾಣಿ ಕಾರ್ಖಾನೆಯಲ್ಲಿ ಫೆಟ್ಲರ್. ಅಚ್ಚಿನಿಂದ ಹೊರಬಂದ ಹಸಿ ಟೀಪಾಟಿನ ಮೈಮೇಲೆ ಅಚ್ಚಿನ ಎರಡು ಹೋಳು ಕೂಡಿದ ಕಡೆ ಒಂದು ಗೆರೆ ಎದ್ದಿರುತ್ತದೆ. ಅದನ್ನು ಚಾಕುವಿನಲ್ಲಿ ಹೆರೆದು, ಒದ್ದೆ ಸ್ಪಂಜಿನಲ್ಲಿ ಒರೆಸಿ, ಇತ್ತೆಂಬ ಸುಳಿವೂ ಇಲ್ಲದಂತೆ ಮಾಡುವುದು ಫೆಟ್ಲರ್ ಕೆಲಸ. ದಿನಕ್ಕೆ ಇನ್ನೂರ ನಲವತ್ತು ಟೀಪಾಟು. ಒಂದಕ್ಕೆ ಒಂದೂಮುಕ್ಕಾಲು ನಿಮಿಷ. ಬೆಳಿಗ್ಗೆ ಏಳರಿಂದ ಮೂರೂವರೆ, ನಡುವೆ ಎರಡು ಬಾರಿ ಚಹಾ, ಒಮ್ಮೆ ಊಟ. ಕೊಂಡವರು ಮೇಜಿನ ಮೇಲಿಟ್ಟು, ತಿರುಗಿಸಿ ತಳದ ಮುದ್ರೆ ನೋಡಿ, ಬಣ್ಣ ಬರೆದವರ ಹೆಸರು ಓದಿ ಮೆಚ್ಚುತ್ತಾರೆ. ಗೆರೆ ತೆಗೆದವರ ಹೆಸರು ಎಲ್ಲೂ ಇರುವುದಿಲ್ಲ. ಗೆರೆಯೇ ಇಲ್ಲವಲ್ಲ.

"ಕಣ್ಣಿಗೆ ಕಾಣೋ ಗೆರೆ ಯಾರು ಬೇಕಾದ್ರೂ ತೆಗೀತಾರೆ," ಎನ್ನುತ್ತಾರೆ ಗೇನರ್. "ಬೆಂಕಿಗೆ ಹೋದ್ಮೇಲೆ ಎದ್ದು ಕೂರೋ ಗೆರೆ ಇರುತ್ತಲ್ಲ, ಅದು ಕಾಣಲ್ಲ. ತಾಗುತ್ತೆ, ಅಷ್ಟೇ."

ಆ ನೀಲಿ ಚೆಂಡೂ ಅವರೇ ಮಾಡಿದ್ದು. ಬೇರೆಯವರು ಅಳತೆಯ ಚೆಂಡಿಗಾಗಿ ಅಂಗಡಿ ಅಂಗಡಿ ಸುತ್ತುವಾಗ, ಗೇನರ್ ಊಟದ ಬಿಡುವಿನಲ್ಲಿ ಮಣ್ಣನ್ನು ಹತ್ತು ಸೆಂಟಿಮೀಟರಿಗಿಂತ ಚೂರು ದೊಡ್ಡದಾಗಿ ಉಂಡೆ ಕಟ್ಟಿ ಪಾತ್ರೆ ಸುಡುವ ಗೂಡಿಗೆ ಕಳಿಸಿದರು. ಬೆಂದು ಕುಗ್ಗಿ ಹೊರಬಂದದ್ದು ಕರಾರುವಾಕ್ಕಾಗಿ ಹತ್ತು. ನೆವ್ ಅದನ್ನು ಮೂರು ದಿಕ್ಕಿನಿಂದ ಅಳೆದು, ನಾಲ್ಕನೆಯ ದಿಕ್ಕು ಸಿಗದೆ ಬಿಟ್ಟರು.

ಇಂಥ ಕೈಯವರು ಈಗ ಎಡಗೈಗೆ ಶರಣಾಗಿರುವುದಕ್ಕೆ ಕಾರಣವಿದೆ. ಕಳೆದ ಶರತ್ಕಾಲದಲ್ಲಿ ಅವರ ಬೆಂಚಿನ ಎರಡು ಟೀಪಾಟುಗಳು ಗೂಡಿನಿಂದ ವಾಪಸು ಬಂದವು, ಹೊಟ್ಟೆಯ ಮೇಲೆ ಕೂದಲೆಳೆಯಂಥ ಗೆರೆ ಹೊತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. "ಮಣ್ಣು ಸರಿ ಇರಲಿಲ್ಲ" ಎಂದರು, ಯಾರೂ ಎದುರಾಡಲಿಲ್ಲ. ಅಂದು ಸಂಜೆ ಮನೆಯಲ್ಲಿ ಬಲಗೈಯ ತೋರುಬೆರಳಿನ ತುದಿಗೆ ಸೂಜಿ ಚುಚ್ಚಿಕೊಂಡರು. ಚುಚ್ಚಿದ್ದು ಕಂಡಿತು, ಗೊತ್ತಾಗಲಿಲ್ಲ. ಅಲ್ಲಿಂದ ಮಧ್ಯದ ಬೆರಳು, ಅದೂ ಮಂಕಾದಾಗ ಎಡಗೈ. ಒಂದೂಮುಕ್ಕಾಲು ನಿಮಿಷದ ಕೆಲಸಕ್ಕೆ ಎರಡು ನಿಮಿಷ. ಚಹಾ, ಊಟದ ಬಿಡುವುಗಳನ್ನು ಬೆಂಚಿನಲ್ಲೇ ಕಳೆದು ಲೆಕ್ಕ ಸರಿದೂಗಿಸಿದರು. ಬೆರಳು ಹೋದ ಫೆಟ್ಲರ್‌ಗಳನ್ನು ಕೆಳಗಿನ ಪ್ಯಾಕಿಂಗ್ ಹಾಲ್‌ಗೆ ಕಳಿಸುತ್ತಾರೆ. ರಟ್ಟಿನ ಡಬ್ಬ, ಅಂಟುಪಟ್ಟಿ, ಕಿವಿ ತೂತು ಬೀಳುವಂಥ ರೇಡಿಯೊ. ಅಲ್ಲಿಗಿಳಿದ ಮೂವರು ಗೆಳತಿಯರಲ್ಲಿ ಯಾರೂ ಮೇಲೆ ಬಂದಿಲ್ಲ.

ಗೇನರ್ ಯಾರಿಗೂ ಹೇಳಲಿಲ್ಲ. ನೆವ್‌ಗೂ ಇಲ್ಲ. ಗ್ಯಾರೇಜಿನಲ್ಲಿ ಎಡಗೈ ಆಡಿಸುವುದನ್ನು ಕಂಡು ಅವರೊಮ್ಮೆ, "ಏನಿದು, ಹೊಸ ಫ್ಯಾಷನ್ನಾ?" ಎಂದು ನಕ್ಕರು. "ಎಡಗೈ ಚುರುಕು," ಎಂದು ಈಕೆ ಸುಳ್ಳು ಹೇಳಿದರು. ಹೇಳಿದ ಸುಳ್ಳು ನಿಜವೋ ಅಲ್ಲವೋ ಎಂಬುದು ಸ್ವತಃ ಅವರಿಗೇ ಗೊತ್ತಿಲ್ಲ. ಪರೀಕ್ಷಕ ಒಂದು ಅಂಚು ಹಿಡಿದರೆ ಫೇಲಾಗುವುದು ಕಾರಲ್ಲ, ತಾನು. ಗೋಡೆಯ ಮೇಲೆ ಹಾಗೆಂದು ಬರೆದೇ ಇದೆ.

ಏಳೂವರೆಗೆ ಹೊರಡುತ್ತಾರೆ. ಕೆಂಪು ಕಾರಿನಲ್ಲಿ ಇಬ್ಬರಿಗಷ್ಟೇ ಜಾಗ, ಮೇಲೆ ಸೂರಿಲ್ಲ. ನೆವ್ ಮತ್ತು ಬೆತ್ ಉಣ್ಣೆಯ ಟೋಪಿ ಕಿವಿಗೆಳೆದು ಮುಂದೆ. ಗೇನರ್ ಮನೆಯ ಹಳೇ ಕಾರಿನಲ್ಲಿ ಉಪಕರಣದ ಪೆಟ್ಟಿಗೆ, ಮಿಕ್ಕ ಪ್ಲಾಸ್ಟಿಕ್ ಟೋಪಿಗಳ ಚೀಲ, ಚೀಸ್ ಮತ್ತು ಬೇಕನ್ ಸುತ್ತಿದ ದೋಸೆಯಂಥ ಓಟ್‌ಕೇಕ್‌ಗಳ ಪೊಟ್ಟಣದೊಂದಿಗೆ ಹಿಂದೆ. ನಲವತ್ತೆರಡು ಮೈಲಿಯೂ ಅವರ ಕಣ್ಣು ಕೆಂಪು ಕಾರಿನ ಹಿಂಭಾಗದ ಮೇಲೆ. ಪ್ರತಿ ಹಳ್ಳಕ್ಕೂ ಒಂದು ಬೋಲ್ಟಿನ ಟೋಪಿ ಉದುರಿದಂತೆ ಅನ್ನಿಸುತ್ತದೆ. ಎರಡು ಸಲ ಗಾಡಿ ನಿಲ್ಲಿಸಿ ರಸ್ತೆ ನೋಡಿದರು. ಒಂದು ಸಲ ಸಿಕ್ಕಿದ್ದು ಬಾಟಲಿಯ ಮುಚ್ಚಳ.

ಪರೀಕ್ಷಕ ಪ್ರೈಸ್ ಎಂಬುವರು, ಸಣಕಲು ಮನುಷ್ಯ, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಹುಡುಕುವವರು. ನಗುವುದಿಲ್ಲ, ಸಿಡುಕುವುದೂ ಇಲ್ಲ. ಮೂವರನ್ನೂ ಹಳದಿ ಗೆರೆಯ ಆಚೆ ನಿಲ್ಲಿಸಿ, ಚೆಂಡು ತೆಗೆದು ಮೂತಿಯಿಂದ ಶುರುಮಾಡುತ್ತಾರೆ. ಅವರ ಚೆಂಡು ಎಲ್ಲಿ ನಿಂತರೂ ಗೇನರ್ ಅವರ ಉಸಿರು ಅಲ್ಲೇ ನಿಲ್ಲುತ್ತದೆ. ಕನ್ನಡಿಯ ಕಾಲು. ನಿಂತಿತು. ಮುಂದೆ ಹೋಯಿತು. ಸೀಟಿನ ಹಳಿ. ನಿಂತಿತು. ಪ್ರೈಸ್ ಕೈಗವಸು ತೆಗೆದು ಬೆರಳಾಡಿಸಿದರು. ಮುಂದೆ ಹೋದರು.

"ಅಮ್ಮ, ನನ್ ತೋಳು," ಎನ್ನುತ್ತಾಳೆ ಬೆತ್. ಗೇನರ್ ಹಿಡಿದುಕೊಂಡಿರುವುದು ಅದನ್ನೇ, ನೀಲಿಗಟ್ಟುವಷ್ಟು.

ಒಂದೂವರೆ ಗಂಟೆಯ ಮೇಲೆ ಪ್ರೈಸ್ ಹಾಳೆಯೊಂದನ್ನು ಮಗುಚುತ್ತಾರೆ. "ಮೈಯ ಅಂಚು, ಒಳಗಿನ ಅಂಚು, ಆಯ್ತು. ಏನೂ ಸಿಗಲಿಲ್ಲ." ನೆವ್ ಹೆಂಡತಿಯ ಬೆನ್ನಿಗೆ ಒಂದು ಗುದ್ದು ಹಾಕುತ್ತಾರೆ; ಆ ಕಡೆ ಗಂಡಸರು ಮುದ್ದು ಮಾಡುವುದು ಹಾಗೆ. ಗೇನರ್ ಹೊರಗೆ ಹೋಗಿ, ಗೋಡೆಗೊರಗಿ ನಿಂತು, ಬೆಳಗಿನಿಂದ ಮೊದಲ ಸಲ ಓಟ್‌ಕೇಕ್ ಬಾಯಿಗಿಡುತ್ತಾರೆ. ಬ್ರೇಕು ಪಾಸು. ಸ್ಟಿಯರಿಂಗು ಪಾಸು. ಸದ್ದು, ಒಂದು ಅಂಕಿಯ ಅಂತರದಲ್ಲಿ ಪಾಸು. ಉಳಿದದ್ದು ಹೊಗೆ. ಎಂಜಿನ್ ಚೆನ್ನಾಗಿ ಕಾಯಲು ಬಿಟ್ಟು, ಅಳೆಯುವ ಕೊಳವೆಯನ್ನು ಸೈಲೆನ್ಸರ್ ಪೈಪಿನೊಳಗೆ ತುರುಕಲು ಪ್ರೈಸ್ ಬಗ್ಗುತ್ತಾರೆ. ಅಂಕಿ ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ಕೊಳವೆ ತೆಗೆಯುತ್ತಾರೆ. ಆಮೇಲೆ ಬಗ್ಗಿದವರು ಬಗ್ಗಿಯೇ ಇದ್ದಾರೆ.

"ಪೈಪಿನ ಬಾಯಿ ಚೂಪಿದೆಯಲ್ರೀ," ಎನ್ನುತ್ತಾರೆ. "ಗರಗಸದಲ್ಲಿ ಕುಯ್ದು ಹಾಗೇ ಬಿಟ್ಟಿದ್ದೀರಿ." ಗಡಿಯಾರ ನೋಡುತ್ತಾರೆ. "ನಂಗೆ ಚಹಾ ಕುಡಿಯೋಕೆ ಇಪ್ಪತ್ತು ನಿಮಿಷ ಇದೆ. ಬಂದ್ಮೇಲೆ ಕಾಗದ ಬರೀತೀನಿ. ಪಾಸೋ ಫೇಲೋ, ಆಗ ಏನಿರುತ್ತೋ ಅದನ್ನ."

ಗೇನರ್ ಓಡಿ ಬರುತ್ತಾರೆ. ಗಾಬರಿಯಲ್ಲಿ ಅರ್ಧ ವರ್ಷದ ಎಚ್ಚರವೆಲ್ಲ ಮರೆತು, ಮೂವತ್ತೊಂದು ವರ್ಷದ ಅಭ್ಯಾಸ ಮುಂದೆ ಬರುತ್ತದೆ: ಮಂಡಿಯೂರಿದ್ದೇ ಬಲಗೈಯ ತೋರುಬೆರಳನ್ನು ಪೈಪಿನ ಬಾಯಿಗೆ ಒತ್ತಿ ಸುತ್ತಲೂ ಸವರುತ್ತಾರೆ. ನಿಧಾನವಾಗಿ. ಇನ್ನೊಂದು ಸಲ.

"ಚೂಪೆಲ್ಲಿದೆ? ನಂಗೇನೂ..."

"ಅಮ್ಮಾ! ಕೈ ತೆಗಿ! ಕಾದಿದೆ ಅದು!"

ಬೆತ್ ಮಣಿಕಟ್ಟು ಹಿಡಿದು ಎಳೆದಾಗ ಬೆರಳಿನ ತುದಿ ಬೆಳ್ಳಗಾಗಿದೆ. ಅಂಚು ಕುಯ್ದ ಕಡೆ ಒಂದು ಹನಿ ರಕ್ತ. ಗೇನರ್ ಅದನ್ನು ಬೇರೆ ಯಾರದೋ ಬೆರಳೆಂಬಂತೆ ನೋಡುತ್ತಾರೆ. ನೆವ್ ನೀರಿನ ಬಾಟಲಿ ತರಲು ಹೋದವರು ಅರ್ಧದಲ್ಲೇ ನಿಂತಿದ್ದಾರೆ.

"ಉರಿಯಲ್ವಾ?" ಎನ್ನುತ್ತಾಳೆ ಬೆತ್.

"ಇಲ್ಲ."

"ಯಾವಾಗ್ಲಿಂದ?"

"ಅಕ್ಟೋಬರ್."

ಆ ಹೊತ್ತಿಗೆ ಯಾರು ಏನು ಹೇಳಬಹುದಿತ್ತೋ ಏನೋ. ಹೇಳಿದ್ದು ನೆವ್. "ಅಕ್ಟೋಬರಿಂದ ಈ ಕಾರನ್ನೆಲ್ಲಾ ಎಡಗೈಲಿ ಸವರಿದ್ಯಾ?"

"ಸವರಿದೆ. ಈ ಅಂಚು ಬಿಟ್ಟೋಗಿದೆ, ನೋಡು. ಕಾಣ್ತಾ ಇದೆಯಲ್ಲ, ಬಿಟ್ಟೋಗಿದೆ." ಗೇನರ್ ನೆಲದ ಮೇಲೇ ಕೂತುಬಿಡುತ್ತಾರೆ. "ಎಡಗೈಯೂ ಹೋಯ್ತು ನಂದು."

ನೆವ್ ಪೈಪಿನ ಮೇಲೆ ನೀರು ಸುರಿಯುತ್ತಾರೆ. ಚುಂಯ್ ಎಂದು ಹಬೆ ಏಳುತ್ತದೆ. ಮಿಕ್ಕ ನೀರನ್ನು ಹೆಂಡತಿಯ ಬೆರಳಿನ ಮೇಲೆ. ಅಷ್ಟು ಹೊತ್ತಿನಿಂದ ಬೆತ್ ಏನನ್ನೋ ಯೋಚಿಸುತ್ತ ನಿಂತಿದ್ದವಳು, "ಅಮ್ಮ, ಇವತ್ತು ಬೆಳಿಗ್ಗೆ ಇದನ್ನ ಮುಟ್ಟಿದ್ಯಾ?" ಎಂದು ಕೇಳುತ್ತಾಳೆ.

"ಎಲ್ಲಾ ಮುಟ್ಟಿದ್ದೀನಿ."

"ಬಾಯಿ ಮುಟ್ಟಿದ್ಯಾ? ನಾನು ಒಂದು ಸಲಾನೂ ನೋಡಿಲ್ಲ. ಪೈಪಿನ ಮೈ ಉಜ್ಜುತ್ತೀಯ, ತುದಿಗೆ ಬಂದ ತಕ್ಷಣ ಕೈ ಎತ್ತುತ್ತೀಯ."

ಗೇನರ್ ತಿರುಗಿ ಪೈಪಿನ ಬಾಯಿ ನೋಡುತ್ತಾರೆ. ಆಕೆಯ ಕಾರ್ಖಾನೆಯಲ್ಲಿ ಟೀಪಾಟಿನ ಮೈ, ಮೂತಿ, ಹಿಡಿ ಫೆಟ್ಲರ್‌ಗೆ ಸೇರಿದ್ದು. ಬಾಯಿ ಪಕ್ಕದ ಬೆಂಚಿನದು. ಮುಚ್ಚಳ ಕೂರಬೇಕಾದ ಜಾಗವದು, ಅದಕ್ಕೆ ಬೇರೆಯೇ ಕೈ. ಫೆಟ್ಲರ್ ಸ್ಪಂಜು ಬಾಯಿಗೆ ತಾಗಿದರೆ ಮುಚ್ಚಳ ಲಟಗುಟ್ಟುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ಅದನ್ನು ಮುಟ್ಟಿ, ಇಡೀ ಕೋಣೆಯೆದುರು ಬೈಸಿಕೊಂಡು, ಶೌಚಾಲಯದಲ್ಲಿ ಅತ್ತಿದ್ದ ಗೇನರ್ ಆಮೇಲೆ ಮೂವತ್ತೊಂದು ವರ್ಷ ಯಾವ ಪಾತ್ರೆಯ ಬಾಯನ್ನೂ ಮುಟ್ಟಿಲ್ಲ. ಕಾರಿನದ್ದನ್ನೂ ಮುಟ್ಟಿಲ್ಲ. ನಾಲ್ಕು ತಿಂಗಳಿಂದ ದಿನವೂ ಆ ಪೈಪಿನ ಮೈ ಸವರಿ, ಬಾಯಿಯನ್ನು ಯಾರೋ ಪಕ್ಕದ ಬೆಂಚಿನವರು ನೋಡಿಕೊಳ್ಳುತ್ತಾರೆಂದು ಕೈ ನಂಬಿಕೊಂಡಿತ್ತು. ನಲವತ್ತೆರಡು ಮೈಲಿ ಅದನ್ನೇ ನೋಡುತ್ತ ಬಂದರು, ಕಣ್ಣೂ ಅಷ್ಟೇ ನಂಬಿತ್ತು.

"ಅಂದ್ರೆ," ಎನ್ನುತ್ತಾರೆ ಗೇನರ್, ನಿಧಾನವಾಗಿ, "ಎಡಗೈ ಬಿಟ್ಟಿದ್ದಲ್ಲ."

"ಎಡಗೈ ಏನೂ ಬಿಟ್ಟಿಲ್ಲ. ಬಿಟ್ಟಿದ್ದು ನೀನು."

ಪರೀಕ್ಷೆಯಲ್ಲಿ ಫೇಲಾಗುವ ಅಂಚಿನಲ್ಲಿ ನಿಂತು ಇಷ್ಟು ಖುಷಿಯಿಂದ ನಕ್ಕವರನ್ನು ಆ ಕೇಂದ್ರ ಕಂಡಿರಲಾರದು. ನಗು ಅಳುವಿನ ಕಡೆ ವಾಲುವ ಮುಂಚೆ ನೆವ್ ಗಡಿಯಾರ ತೋರಿಸುತ್ತಾರೆ. ಉಳಿದದ್ದು ಹದಿಮೂರು ನಿಮಿಷ.

ಪೆಟ್ಟಿಗೆಯಿಂದ ಲೋಹ ಉಜ್ಜುವ ಅರೆಗುಂಡು ಅರವನ್ನು ಗೇನರ್ ತೆಗೆದುಕೊಳ್ಳುತ್ತಾರೆ. ಬಲಗೈಗೆ ಸ್ಪರ್ಶ ಹೋಗಿದೆ, ಹಿಡಿತ ಹೋಗಿಲ್ಲ. ಒಳಗಿನಿಂದ ಹೊರಕ್ಕೆ, ಸುತ್ತುತ್ತ ಸುತ್ತುತ್ತ ಉಜ್ಜುತ್ತಾರೆ. ಆಮೇಲೆ ಎಡಗೈ ಚಾಚಿದವರು ತಡೆದು, ಮಗಳ ಕಡೆ ತಿರುಗುತ್ತಾರೆ. "ನೀನು ನೋಡು. ಬಾಯಿ ನನ್ ಕೈಗೆ ರೂಢಿ ಇಲ್ಲ. ಉಗುರಲ್ಲಿ ಅಲ್ಲ ಕಣೇ, ಬೆರಳಿನ ಮೆತ್ತಗಿನ ಜಾಗದಲ್ಲಿ. ಒತ್ತಬೇಡ. ಕಣ್ಣು ಮುಚ್ಚು."

"ಎಲ್ಲಾ ನುಣ್ಣಗಿದೆ."

"ಅವಸರ ಮಾಡ್ಬೇಡ. ಮತ್ತೆ."

"...ಇಲ್ಲಿ. ಇಲ್ಲೊಂದು ಚೂರು."

"ಹಾಂ. ಅಲ್ಲಿ ಬೆರಳಿಡು, ತೆಗೀಬೇಡ." ಮಗಳ ಬೆರಳ ಪಕ್ಕದಲ್ಲೇ ಅರ ಆಡುತ್ತದೆ.

ಪ್ರೈಸ್ ತುಟಿ ಒರೆಸಿಕೊಳ್ಳುತ್ತ ಬಂದು ಪೈಪಿನ ಬಾಯಿಯ ಸುತ್ತ ಎರಡು ಸಲ ಬೆರಳಾಡಿಸುತ್ತಾರೆ. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು. ಹೋಗಿ ಮೇಜಿನಲ್ಲಿ ಬರೆಯುತ್ತಾರೆ. ಪಾಸಿನ ಕಾಗದ ಕೈಗಿಡುವಾಗ, "ಮಿಕ್ಕ ಅಂಚೆಲ್ಲಾ ಯಾರು ಮಾಡಿದ್ದು?" ಎಂದು ಕೇಳುತ್ತಾರೆ. ನೆವ್ ಹೆಬ್ಬೆರಳಿನಲ್ಲಿ ಹೆಂಡತಿಯ ಕಡೆ ತೋರಿಸುತ್ತಾರೆ. ಪ್ರೈಸ್ ಕನ್ನಡಕ ಹಣೆಯಿಂದ ಮೂಗಿಗಿಳಿಸಿ ಆಕೆಯನ್ನು ನೋಡಿ, "ಹೂಂ," ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಮೆಚ್ಚುಗೆಯನ್ನು ಆತನಿಂದ ಯಾರೂ ಪಡೆದಿಲ್ಲವೆಂದು ಹೊರಗೆ ಸರದಿಯಲ್ಲಿದ್ದ ಇನ್ನೊಂದು ಕುಟುಂಬ ಆಮೇಲೆ ಹೇಳಿತು.

ನಂಬರು ಬರಲು ಇನ್ನೂ ಕೆಲವು ವಾರ ಬೇಕು. ಅಲ್ಲಿಯ ತನಕ ಕಾರು ಗ್ಯಾರೇಜಿನಲ್ಲಿ, ಗೇನರ್ ಎಂದಿನಂತೆ ಆರು ಮುಕ್ಕಾಲರ ಬಸ್ಸಿನಲ್ಲಿ. ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿದೆ, ಸಣ್ಣ ಆಪರೇಷನ್ ಸಾಕು, ಆದರೆ ಇಷ್ಟು ದಿನ ಬಿಟ್ಟದ್ದರಿಂದ ಸ್ಪರ್ಶ ಪೂರ್ತಿ ಮರಳುತ್ತದೆಂದು ಹೇಳಲಾರೆ ಎಂದಿದ್ದಾರೆ ಡಾಕ್ಟರು. ಅವರ ಹತ್ತಿರ ಕರೆದುಕೊಂಡು ಹೋದದ್ದು ಬೆತ್. ಕಾರ್ಖಾನೆಯ ವಿಷಯಕ್ಕೆ ಮಾತ್ರ ಗೇನರ್ ಯಾರನ್ನೂ ಜೊತೆಗೆ ಕರೆಯಲಿಲ್ಲ. ಪರೀಕ್ಷೆ ಮುಗಿದ ಮರುಸೋಮವಾರ, ಬೆಂಚಿಗೆ ಹೋಗುವ ಮುಂಚೆ, ಮೇಲ್ವಿಚಾರಕಿ ಜಾಕ್ವಿ ಬ್ಲೂರ್ ಮುಂದೆ ನಿಂತು ಬ್ಯಾಂಡೇಜು ಕಟ್ಟಿದ ಬೆರಳು ತೋರಿಸಿ ಎಲ್ಲ ಹೇಳಿದರು.

ಜಾಕ್ವಿ ಕೆಟ್ಟವರಲ್ಲ. "ನಾನೇನ್ ಮಾಡ್ಲಿ ಗೇನ್? ಕೈಯಿಲ್ಲದೆ ಹೇಗೆ ಕೂರಿಸ್ಲಿ ಹೇಳು," ಎಂದು ಪೇಚಾಡಿದರು. ಆಮೇಲೆ ಒಳಗೆ ಹೋಗಿ ಹನ್ನೆರಡು ಹಸಿ ಟೀಪಾಟುಗಳಿದ್ದ ಹಲಗೆ ಹಿಡಿದು ಬಂದರು. ಎಲ್ಲ ಕೆಲಸ ಮುಗಿದವೇ, ಅವುಗಳ ನಡುವೆ ಗೆರೆ ಉಳಿದ ಎರಡನ್ನು ಬೇಕೆಂದೇ ಸೇರಿಸಿದ್ದರು. "ಎಡಗೈ ಅಂತೀಯಲ್ಲ. ಹುಡುಕು ನೋಡೋಣ."

ಗೇನರ್ ಸ್ಟೂಲು ಎಳೆದುಕೊಂಡು ಕೂತು ಕಣ್ಣು ಮುಚ್ಚುತ್ತಾರೆ. ಅಕ್ಕಪಕ್ಕದ ಬೆಂಚುಗಳಲ್ಲಿ ಚಾಕುವಿನ ಸದ್ದು ಒಂದೊಂದಾಗಿ ನಿಲ್ಲುತ್ತದೆ. ಅವಸರವಿಲ್ಲ. ಒಂದೊಂದನ್ನೂ ಬಲಗೈಯಲ್ಲಿ ತಿರುಗಿಸುತ್ತ, ಎಡಗೈಯಲ್ಲಿ ಕೇಳಿಸಿಕೊಳ್ಳುವಂತೆ ಸವರಿ, ಕೆಲವನ್ನು ಆ ಕಡೆ, ಕೆಲವನ್ನು ಈ ಕಡೆ ಇಡುತ್ತಾರೆ. ಹನ್ನೆರಡೂ ಮುಗಿದ ಮೇಲೆ ಕಣ್ಣು ಬಿಟ್ಟಾಗ ಈ ಕಡೆ ಮೂರು ಟೀಪಾಟುಗಳಿವೆ.

ಜಾಕ್ವಿ ಎಣಿಸಿದರು. "ಗೇನ್... ನಾನು ಇಟ್ಟಿದ್ದು ಎರಡೇ."

"ನೀನು ಇಟ್ಟಿದ್ದು ಎರಡು ಡಕ್," ಎಂದರು ಗೇನರ್, ಮೂರನೆಯದನ್ನು ಮುಂದಕ್ಕೆ ತಳ್ಳಿ. "ಇದು ನಿನ್ ಕಣ್ಣಿಗೆ ಬೀಳಲಿಲ್ಲ."